ಇಂಪಾರ್ಟೆಂಟ್ ಅಲ್ಲದ ಶಬ್ದ

ನಾನು ಒಂದು ನಿಘಂಟು. ಇಂಗ್ಲಿಷ್ ಶಬ್ದಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದು ನನ್ನ ಕಸುಬು. ಮೈತುಂಬ ಮಾತಿದ್ದರೂ ಬಾಯಿ ಮುಚ್ಚಿಕೊಂಡೇ ಹುಟ್ಟಿದ ಜೀವ ಇದು. ಯಾರಾದರೂ ಬಂದು ನನ್ನನ್ನು ತೆರೆಯಬೇಕು, ಹಾಳೆ ತಿರುವಬೇಕು, ಬೆರಳಿಡಬೇಕು. ಅಲ್ಲಿಯತನಕ ನಾನೂ ಒಂದೇ, ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಡುವ ಇಟ್ಟಿಗೆಯೂ ಒಂದೇ.

ಹುಬ್ಬಳ್ಳಿಯ ಒಂದು ಹಳೆಯ ಛಾಪಖಾನೆಯಲ್ಲಿ ನಾನು ಹುಟ್ಟಿದೆ. ಸೀಸದ ಅಕ್ಷರಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ ನನ್ನ ಸಾಲುಗಳನ್ನು ಕಟ್ಟಿದರು. ಮೊಳೆ ಜೋಡಿಸಿದವರು 'ಎ' ಅಕ್ಷರ ಶುರು ಮಾಡಿದಾಗ ಬರಿಗಣ್ಣಿನಲ್ಲಿ ಕೆಲಸ ಮಾಡುತ್ತಿದ್ದರು, 'ಝಡ್' ಮುಟ್ಟುವ ಹೊತ್ತಿಗೆ ಅವರಿಗೆ ಕನ್ನಡಕ ಬಂದಿತ್ತು. ಆಮೇಲೆ ಬೈಂಡಿಂಗ್ ಮಾಡುವ ಮುನೀರಸಾಬರು ದಪ್ಪ ಸೂಜಿಯಿಂದ ನನ್ನ ಬೆನ್ನು ಹೊಲಿದು, ಹುಳ ಹತ್ತದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಬಳಿದರು. ಕೆಂಪು ಬಟ್ಟೆಯ ರಟ್ಟು ಹಚ್ಚಿ, ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿದರು. ನಾನು ಚೆಲುವಾಗಿದ್ದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆ ಚೆಲುವೇ ನನಗೆ ಮುಳುವಾಯಿತು.

ಗದಗಿನ ಕಡೆಯ ಕಲ್ಲಗನೂರು ಎಂಬ ಊರಿನ ಕನ್ನಡ ಮಾಧ್ಯಮದ ಹೈಸ್ಕೂಲು ನನ್ನನ್ನು ತರಿಸಿಕೊಂಡಿತು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಗುರುಪಾದಪ್ಪ ಮಾಸ್ತರು. ಅವರು ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿ, ಮೂಸಿ, ಮೊದಲ ಹಾಳೆಯ ಮೇಲೆ ಶಾಲೆಯ ಶಿಕ್ಕಾ ಒತ್ತಿ, ಖಾಕಿ ಕಾಗದದ ಹೊದಿಕೆ ಹಾಕಿದರು. ಇನ್ನೇನು ತರಗತಿಗೆ ಒಯ್ಯುತ್ತಾರೆ ಎಂದು ನಾನು ಹಿಗ್ಗಿದ್ದೆ. ಅವರು ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಮಾಸ್ತರು ಕೆಟ್ಟವರಲ್ಲ. ಆದರೆ ಆ ಶಾಲೆಯಲ್ಲಿ ಚಾರ್ಜು ಎಂಬುದೊಂದು ಪದ್ಧತಿ ಇತ್ತು. ಕಪಾಟು ಯಾರ ಚಾರ್ಜಿನಲ್ಲಿದೆಯೋ ಅವರು ಶಾಲೆ ಬಿಟ್ಟು ಹೋಗುವಾಗ ಅದರೊಳಗಿನ ಪ್ರತಿಯೊಂದು ವಸ್ತುವನ್ನೂ ಬಂದಾಗ ಹೇಗಿತ್ತೋ ಹಾಗೆಯೇ ಒಪ್ಪಿಸಿ ಹೋಗಬೇಕು. ಹುಡುಗರ ಕೈಗೆ ಕೊಟ್ಟರೆ ಹಾಳೆ ಹರಿಯುತ್ತದೆ, ಎಣ್ಣೆ ಹತ್ತುತ್ತದೆ. ಕೊಡದಿದ್ದರೆ ಏನೂ ಆಗುವುದಿಲ್ಲ. ಹೀಗೆ ನನ್ನನ್ನು ಕಾಪಾಡುವ ಸುಲಭ ದಾರಿಯೆಂದರೆ ನನ್ನನ್ನು ಯಾರೂ ಓದದಂತೆ ನೋಡಿಕೊಳ್ಳುವುದು ಎಂದು ಎಲ್ಲರೂ ನಂಬಿದ್ದರು. ಕಪಾಟಿನಲ್ಲಿ ನನ್ನ ನೆರೆಯವನು ವಿಜ್ಞಾನದ ಪಾಠಕ್ಕೆಂದು ಬಾಟ್ಲಿಯ ದ್ರಾವಣದಲ್ಲಿ ಮುಳುಗಿಸಿಟ್ಟ ಒಂದು ಕಪ್ಪೆ. ಅವನು ಸತ್ತು ಅಲ್ಲಿಗೆ ಬಂದಿದ್ದ, ನಾನು ಜೀವ ಇಟ್ಟುಕೊಂಡು ಬಂದಿದ್ದೆ. ನೋಡುವವರಿಗೆ ನಮ್ಮಿಬ್ಬರಲ್ಲಿ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಕಪಾಟು ಇದ್ದದ್ದು ಎಂಟನೆಯ ತರಗತಿಯ ಹಿಂದಿನ ಗೋಡೆಗೆ. ಆದ್ದರಿಂದ ಪಾಠವೆಲ್ಲ ನನಗೆ ಕೇಳುತ್ತಿತ್ತು. ಗುರುಪಾದಪ್ಪ ಮಾಸ್ತರು ಶಬ್ದ ಮತ್ತು ಅರ್ಥವನ್ನು ಹಲಗೆಯ ಮೇಲೆ ಬರೆಯುವರು, ಹುಡುಗರು ರಾಗವಾಗಿ ಒದರುವರು. ಬರೆದಾದ ಮೇಲೆ ಮಾಸ್ತರು ಕೋಲಿನಿಂದ ತಟ್ಟಿ, ಇದು ಇಂಪಾರ್ಟೆಂಟ್, ಇದು ಅಲ್ಲ, ಇದು ಇಂಪಾರ್ಟೆಂಟ್ ಎಂದು ವಿಂಗಡಿಸುವರು. ಪರೀಕ್ಷೆಗೆ ಬರುವಂಥದ್ದು ಇಂಪಾರ್ಟೆಂಟ್. ಹುಡುಗರು ಅದರ ಪಕ್ಕಕ್ಕೆ ಕೆಂಪು ಶಾಯಿಯ ಚುಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಅಲ್ಲಿಗೇ ಮರೆಯುವರು. ನನಗೆ ಮೈ ಉರಿಯುತ್ತಿತ್ತು. ನನ್ನೊಳಗೆ ರಾಜನ ಶಬ್ದಕ್ಕೂ ಇರುವೆಯ ಶಬ್ದಕ್ಕೂ ಒಂದೇ ಅಳತೆಯ ಅಕ್ಷರ. ಯಾವುದು ಯಾರಿಗೆ ಯಾವಾಗ ಬೇಕಾಗುತ್ತದೆ ಎಂದು ನಾನು ಇಷ್ಟು ದಪ್ಪ ಇದ್ದೂ ಹೇಳಲಾರೆ, ಇವರು ಕೋಲಿನ ತುದಿಯಲ್ಲಿ ಹೇಳಿಬಿಡುತ್ತಿದ್ದರು.

ವರ್ಷಕ್ಕೊಮ್ಮೆ ಕಪಾಟು ತೆರೆಯುತ್ತಿತ್ತು. ಧೂಳು ಹೊಡೆದು, ನುಸಿಗುಳಿಗೆ ಬದಲಿಸಿ, ಇದ್ದೇನೆಂದು ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚುತ್ತಿದ್ದರು. ನನ್ನ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. ಮಾಸ್ತರು ನಿವೃತ್ತರಾದ ದಿನ ನನ್ನನ್ನು ಎತ್ತಿ ತೋರಿಸಿ, ನೋಡಿ, ಹೊಚ್ಚ ಹೊಸದಾಗಿದೆ ಎಂದು ಹೆಮ್ಮೆಯಿಂದ ಹೇಳಿದರು. ಅದಕ್ಕಿಂತ ದೊಡ್ಡ ಅವಮಾನ ನನಗೆ ಬೇರೆ ಆಗಿಲ್ಲ.

ಕೀಲಿ ಪ್ರಭಾವತಿ ಹೂಗಾರ ಎಂಬ ಟೀಚರ ಕೈಗೆ ಬಂತು. ಆಕೆ ಆ ಶಾಲೆಗೆ ಬಂದದ್ದು ಸಮಾಜವಿಜ್ಞಾನ ಕಲಿಸಲಿಕ್ಕೆ. ಇಂಗ್ಲಿಷಿಗೆ ಬೇರೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರಾದ ಬಸರಕೋಡ ಸರ್, ಸದ್ಯಕ್ಕೆ ನೀವೇ ತೆಗೆದುಕೊಳ್ಳಿ ಎಂದರು. ಸದ್ಯಕ್ಕೆ ಎಂದದ್ದು ಕಾಯಂ ಆಯಿತು. ಟೀಚರ್ ಕನ್ನಡದಲ್ಲೇ ಓದಿ ಬಂದವರು. ಇಂಗ್ಲಿಷ್ ಪಾಠದ ಒಂದೊಂದು ಸಾಲಿನಲ್ಲೂ ಅವರಿಗೆ ಗೊತ್ತಿಲ್ಲದ ಶಬ್ದ ಒಂದಾದರೂ ಇರುತ್ತಿತ್ತು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ಕಪಾಟು ತೆರೆದು, ಅತ್ತಿತ್ತ ನೋಡಿ, ನನ್ನನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು. ಮನೆಯಲ್ಲಿ ಒಲೆಯ ಪಕ್ಕ ಕೂತು ನನ್ನನ್ನು ತೆರೆದಾಗ ಅಂಟಿದ ಹಾಳೆಗಳು ಚರಚರ ಬಿಟ್ಟುಕೊಂಡವು. ಆ ಸದ್ದು ನೆನೆದರೆ ಇಂದಿಗೂ ನನಗೆ ಸುಖವಾಗುತ್ತದೆ. ಟೀಚರ್ ಶಬ್ದ ಹುಡುಕುವರು, ಅರ್ಥ ಓದುವರು, ನನ್ನನ್ನು ಮುಚ್ಚಿ ರೊಟ್ಟಿ ಬಡಿಯುತ್ತ ಅದನ್ನೇ ಹೇಳಿಕೊಳ್ಳುವರು. ಒಂದು ರೊಟ್ಟಿಗೆ ಒಂದು ಶಬ್ದ. ಮರೆತರೆ ಹಿಟ್ಟಿನ ಕೈಯಲ್ಲೇ ಮತ್ತೆ ತೆರೆಯುವರು. ನನ್ನ ಹಾಳೆಗಳಿಗೆ ಜೋಳದ ಹಿಟ್ಟು ಹತ್ತಿತು. ಎಷ್ಟೋ ವರ್ಷದ ಮೇಲೆ ನಾನು ಬದುಕಿದ್ದೇನೆ ಅನ್ನಿಸಿತು.

ಆದರೆ ಆ ಸಂತೋಷಕ್ಕೂ ಜಿಪ್ಪು ಇತ್ತು. ಬೆಳಗಾದರೆ ನಾನು ಚೀಲದ ತಳಕ್ಕೆ, ನನ್ನ ಮೇಲೆ ಊಟದ ಡಬ್ಬಿ, ಅದರ ಮೇಲೆ ಕೊಡೆ. ಕೊಡೆಯ ಹಿಡಿ ಹೊರಚಾಚಿ ಜಿಪ್ಪು ಪೂರ್ತಿ ಮುಚ್ಚುತ್ತಿರಲಿಲ್ಲ, ಆ ಸಂದಿಯಿಂದ ಕಂಡಷ್ಟೇ ನನಗೆ ಲೋಕ. ಚಾರ್ಜಿನ ವಸ್ತು ಮನೆಯಲ್ಲಿ ಬಿಟ್ಟರೆ ಕಳೆದೀತೆಂದು ಟೀಚರ್ ನನ್ನನ್ನು ತರಗತಿಗೆ ಒಯ್ಯುತ್ತಿದ್ದರು, ಆದರೆ ಒಮ್ಮೆಯೂ ಹೊರಗೆ ತೆಗೆಯುತ್ತಿರಲಿಲ್ಲ. ಯಾಕೆಂದರೆ ಬಸರಕೋಡ ಸರ್ ಬಂದ ದಿನವೇ ಎಲ್ಲರಿಗೂ ಒಂದು ಮಾತು ಹೇಳಿದ್ದರು: ಕಲಿಸುವವರ ವಿದ್ಯೆ ಬಾಯಲ್ಲಿರಬೇಕು, ಮಕ್ಕಳ ಮುಂದೆ ಪುಸ್ತಕ ತೆಗೆದು ಅರ್ಥ ಹುಡುಕುವವರನ್ನು ಮಕ್ಕಳು ಲೆಕ್ಕಕ್ಕಿಡುವುದಿಲ್ಲ. ಟೀಚರ್ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಯಾರಾದರೂ ಚೀಲ ಮುಟ್ಟಿದರೆ ಅವರ ಮುಖ ಬಿಳಚುತ್ತಿತ್ತು. ಕಪಾಟಿನಲ್ಲಿದ್ದಾಗ ನನ್ನನ್ನು ನೋಡಿ ಯಾರೂ ನಾಚಿಕೊಂಡಿರಲಿಲ್ಲ. ಈಗ ನಾನು ಬಚ್ಚಿಡಬೇಕಾದ ವಸ್ತುವಾಗಿದ್ದೆ, ಅದು ನನ್ನನ್ನು ಕಪಾಟಿಗಿಂತ ಹೆಚ್ಚು ಉಸಿರುಗಟ್ಟಿಸುತ್ತಿತ್ತು.

ತಯಾರಿ ಮಾಡಿಕೊಂಡ ಪಾಠ ಸರಾಗವಾಗಿ ಹೋಗುತ್ತಿತ್ತು. ಪಾಠದ ಹೊರಗಿನ ಶಬ್ದ ಯಾರಾದರೂ ಕೇಳಿದರೆ ಟೀಚರ್ ಗುರುಪಾದಪ್ಪ ಮಾಸ್ತರ ಹಳೆಯ ಆಯುಧವನ್ನೇ ಬಳಸುತ್ತಿದ್ದರು. ಅದು ಇಂಪಾರ್ಟೆಂಟ್ ಅಲ್ಲ. ಕೇಳಿದ ಮಗು ತಲೆಯಾಡಿಸಿ ಕೂರುತ್ತಿತ್ತು. ಆಮೇಲೆ ಮನೆಯಲ್ಲಿ ಅದೇ ಶಬ್ದವನ್ನು ಟೀಚರ್ ನನ್ನಲ್ಲಿ ಹುಡುಕುತ್ತಿದ್ದರು, ಅದು ಬೇರೆ ಮಾತು.

ಹಾಗೆ ಹೆಚ್ಚು ಕೇಳುತ್ತಿದ್ದವಳು ಫಕ್ಕೀರವ್ವ. ಅಜ್ಜಿ ನೀಲವ್ವನ ಜೊತೆ ಇದ್ದ ಹುಡುಗಿ. ಆ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ಫಕ್ಕೀರವ್ವನಿಗೆ ಕಂಡ ಕಂಡ ಇಂಗ್ಲಿಷ್ ಅಕ್ಷರವನ್ನೆಲ್ಲ ಅಂಗೈಯ ಮೇಲೆ ಬರೆದುಕೊಂಡು ಬರುವ ಚಟ. ಬಸ್ಸಿನ ಹಿಂದಿನದು, ಸಾಬೂನಿನ ಮೇಲಿನದು, ಗೊಬ್ಬರದ ಚೀಲದ ಮೇಲಿನದು. ನಾನು ಚೀಲದೊಳಗಿಂದ ಅವಳ ದನಿ ಕೇಳಿಯೇ ಅವಳ ಮೇಲೆ ಜೀವ ಇಟ್ಟುಕೊಂಡಿದ್ದೆ. ಅವಳ ಬೆರಳು ಒಮ್ಮೆ ನನ್ನ ಮೇಲೆ ಆಡಿದ್ದರೆ ಸಾಕಿತ್ತು.

ಒಂದು ಶನಿವಾರ, ಬೆಳಗಿನ ಶಾಲೆ. ಟೀಚರ್ ಕುರ್ಚಿಯ ಮೇಲೆ ಚೀಲ ಇಟ್ಟು ಹಾಜರಿ ಮುಗಿಸಿದ್ದರು. ಫಕ್ಕೀರವ್ವ ಎದ್ದು ಬಂದು ಅಂಗೈ ಚಾಚಿದಳು.

"ಅಕ್ಕೋರ, ಇದರ ಅರ್ಥ ಏನ್ರಿ? ನಮ್ಮ ಮನ್ಯಾಗ ಒಂದ್..."

ಅಂಗೈಯಲ್ಲಿ ನಾಲ್ಕು ಶಬ್ದ ಇದ್ದವು: ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ. ಟೀಚರ್ ಅದನ್ನು ಮೆಲ್ಲಗೆ ಓದಿದರು. ಮೂರು ಶಬ್ದ ಅವರಿಗೆ ಬರುತ್ತಿದ್ದವು. ಎಕ್ಸ್‌ಟರ್ನಲ್ ಎಂಬುದೊಂದು ಬರುತ್ತಿರಲಿಲ್ಲ. ಇಡೀ ತರಗತಿ ಅವರ ಬಾಯಿ ನೋಡುತ್ತ ಕೂತಿತ್ತು. ಹುಡುಗಿ ಮಾತು ಮುಗಿಸುವ ಮುಂಚೆಯೇ ಟೀಚರ್ ಅವಳ ಕೈ ಸರಿಸಿದರು.

"ಪಾಠದಾಗ ಇಲ್ಲದ್ದು ಅದು. ಇಂಪಾರ್ಟೆಂಟ್ ಅಲ್ಲ. ಹೋಗು, ಕುಂದರು."

ನಾನು ಒಂದು ಮೊಳದ ದೂರದಲ್ಲಿದ್ದೆ. 'ಇ' ಅಕ್ಷರದ ಹಾಳೆಗಳ ನಡುವೆ ಆ ಶಬ್ದ ತನ್ನ ಅರ್ಥದ ಸಮೇತ ಕೂತಿತ್ತು. ಜಿಪ್ಪು ಎಳೆದಿದ್ದರೆ, ಹಾಳೆ ತಿರುವಿದ್ದರೆ, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಿರಲಿಲ್ಲ. ನನಗೆ ಕೂಗಬೇಕೆನ್ನಿಸಿತು. ಡಬ್ಬಿಯ ಭಾರದ ಕೆಳಗೆ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆ.

ಮಧ್ಯಾಹ್ನ ಮನೆಗೆ ಬಂದೊಡನೆ ಟೀಚರ್ ಚಪ್ಪಲಿಯನ್ನೂ ಬಿಡದೆ ನನ್ನನ್ನು ತೆರೆದರು. ಸಿಕ್ಕಿತು. ಹೊರಗಿನ, ಹೊರಮೈಗೆ ಸಂಬಂಧಿಸಿದ. ಅಯ್ಯೋ ಇಷ್ಟೇನಾ ಎಂದು ನಕ್ಕರು. ಸೋಮವಾರ ಬೇರೆ ಏನೋ ಹೇಳುತ್ತ ಹೇಳುತ್ತ ಈ ಶಬ್ದವನ್ನೂ ತೇಲಿಸಿಬಿಟ್ಟರಾಯಿತು, ಮೊದಲೇ ಗೊತ್ತಿತ್ತು ಅನ್ನುವ ಹಾಗೆ. ಹೀಗೆ ಗೊಣಗಿಕೊಂಡು ನನ್ನನ್ನು ಮುಚ್ಚಿದರು.

ಸೋಮವಾರ ಫಕ್ಕೀರವ್ವ ಬರಲಿಲ್ಲ. ಟೀಚರ್ ಯಾಕೆಂದು ಕೇಳಿದರು. ಅವಳ ಓಣಿಯ ಹುಡುಗಿ ಎದ್ದು ನಿಂತು ಎಲ್ಲ ಹೇಳಿದಳು. ನೀಲವ್ವನಿಗೆ ಮೊಣಕಾಲು ನೋವು. ಪಕ್ಕದ ಮನೆಯ ಲಾರಿ ಡ್ರೈವರು ಸೊಲ್ಲಾಪುರದಿಂದ ಒಂದು ಬಾಟ್ಲಿ ತಂದು, ನೋವಿಗೆ ಭಾರಿ ಔಷಧ ಎಂದಷ್ಟೇ ಹೇಳಿ ಮತ್ತೆ ಗಾಡಿ ಹತ್ತಿದ್ದ. ಔಷಧ ಅಂದಮೇಲೆ ಹೊಟ್ಟೆಗೆ ಹೋದರೇ ಗುಣ ಎಂಬುದು ನೀಲವ್ವನ ನಂಬಿಕೆ. ಶನಿವಾರ ಮಧ್ಯಾಹ್ನ ಊಟದ ಮೇಲೆ ಕುಡಿದಳು. ಸಂಜೆಯ ಹೊತ್ತಿಗೆ ವಾಂತಿ, ಬೆವರು, ಮೇಲುಸಿರು. ಜೀಪಿನಲ್ಲಿ ಹಾಕಿಕೊಂಡು ಗದಗಿನ ದವಾಖಾನೆಗೆ ಒಯ್ದಿದ್ದರು. ಅದು ತಿಕ್ಕಿಕೊಳ್ಳುವ ಎಣ್ಣೆಯಂತೆ, ಕುಡಿಯುವುದಲ್ಲವಂತೆ.

ಟೀಚರ್ ಕುರ್ಚಿಯ ಮೇಲೆ, ಚೀಲದ ಪಕ್ಕದಲ್ಲೇ ಕುಸಿದು ಕೂತರು. ಅವರ ಕೈ ಚೀಲದೊಳಗೆ ಬಂದು ನನ್ನನ್ನು ಹಿಡಿದುಕೊಂಡಿತು. ಹಿಡಿದುಕೊಂಡೇ ಕೂತರು, ಹೊರಗೆ ಮಾತ್ರ ತೆಗೆಯಲಿಲ್ಲ.

ಸಂಜೆ ಬಸ್ಸಿಗೆ ಗದಗಿಗೆ ಹೋದೆವು. ನೀಲವ್ವ ಕಣ್ಣು ಮುಚ್ಚಿ ಮಲಗಿದ್ದಳು. ಉಳಿದುಕೊಳ್ಳುತ್ತಾಳೆ ಎಂದು ಡಾಕ್ಟರು ಹೇಳಿದ್ದರು, ಗಂಟಲು ಮಾತ್ರ ಬೆಂದಿತ್ತು. ಫಕ್ಕೀರವ್ವ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಟೀಚರ ಮುಖ ನೋಡದೆ ಹೇಳಿದಳು.

"ಇಂಪಾರ್ಟೆಂಟ್ ಅಲ್ಲ ಅಂದ್ರಿ ನೀವು. ಅದಕ್ಕ ಆಯಿಗೆ ಏನಿಲ್ಲ ಕುಡಿ ಅಂದೆ. ನಾನ ಲೋಟಕ್ಕ ಹಾಕಿ ಕೊಟ್ಟೆ ಅಕ್ಕೋರ. ನನ್ನ ಕೈಯಾರೆ ಕೊಟ್ಟೆ."

ಅವಳು ಟೀಚರನ್ನು ಬೈಯಲಿಲ್ಲ. ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ತಂದ ಬಾಳೆಹಣ್ಣನ್ನು ಟೀಚರ್ ಮಂಚದ ಮೇಲಿಟ್ಟರು. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದರು.

ಮರುದಿನ ಬಸರಕೋಡ ಸರ್‌ಗೆ ಎಲ್ಲ ಹೇಳಿದರು. ಸರ್ ಬಾಗಿಲು ಮುಂದೆ ಮಾಡಿ, ಇದನ್ನು ಎಲ್ಲಿಯೂ ಬಾಯಿ ಬಿಡಬೇಡಿ ಎಂದರು. ಔಷಧ ತಂದವನು ಯಾರೋ, ಕುಡಿದವಳು ಯಾರೋ, ನಡುವೆ ಶಾಲೆ ಯಾಕೆ ಬರಬೇಕು? ಟೀಚರ್ ಹೂಂ ಅಂದು ಬಂದರು. ಆಮೇಲಿನ ದಿನಗಳಲ್ಲಿ ನನ್ನನ್ನು ತೆರೆಯುವುದನ್ನೇ ಬಿಟ್ಟರು. ಗೈಡು ತಂದು ಅದರಲ್ಲಿದ್ದದ್ದನ್ನೇ ಹಲಗೆಗೆ ಇಳಿಸಿದರು. ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಚೀಲದಲ್ಲಿ, ಅವರು ತಮ್ಮ ಹೂಂ ಎಂಬ ಒಂದು ಮಾತಿನಲ್ಲಿ ಸಿಕ್ಕಿಬಿದ್ದಿದ್ದೆವು.

ನೀಲವ್ವ ಮನೆಗೆ ಬಂದಳೆಂದು ಸುದ್ದಿ ಬಂತು. ಫಕ್ಕೀರವ್ವ ಶಾಲೆಗೆ ಬರಲಿಲ್ಲ. ಅವಳಿಗೆ ಓದುವುದು ಬೇಡವಂತೆ, ಅಕ್ಷರ ಕಂಡರೆ ಮುಖ ತಿರುಗಿಸುತ್ತಾಳಂತೆ, ಓಣಿಯ ಹೆಂಗಸರ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳಂತೆ ಎಂದು ಅವಳ ಓಣಿಯ ಆ ಹುಡುಗಿಯೇ ಹೇಳಿದಳು. ಅದನ್ನು ಕೇಳಿದ ದಿನ ಟೀಚರ್ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ನನ್ನನ್ನು ಚೀಲದಿಂದ ತೆಗೆದರು. ಹರಿದ ಖಾಕಿ ಹೊದಿಕೆ ಕಿತ್ತು ಒಲೆಗೆ ಹಾಕಿದರು. ನನ್ನನ್ನು ಎದೆಗೆ ಅವಚಿಕೊಂಡು, ಚೀಲ ಮನೆಯಲ್ಲೇ ಬಿಟ್ಟು, ಪೇಟೆಯ ನಡುವೆ ನಡೆದರು. ಅಷ್ಟು ಬೆಳಕು ನಾನು ಕಂಡದ್ದು ಛಾಪಖಾನೆ ಬಿಟ್ಟ ಮೇಲೆ ಅದೇ ಮೊದಲು. ಹೋಟೆಲಿನ ಮುಂದೆ ನಿಂತವರು ನೋಡಿದರು. ಎದುರು ಬಂದ ಮಕ್ಕಳು ನೋಡಿದರು. ಟೀಚರ ಎದೆ ಹೊಡೆದುಕೊಳ್ಳುವುದು ನನ್ನ ರಟ್ಟಿಗೆ ತಾಗುತ್ತಿತ್ತು.

ನೀಲವ್ವ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ಫಕ್ಕೀರವ್ವ ತಲೆಗೆ ಅರಿವೆ ಕಟ್ಟಿಕೊಂಡು ಮೆಣಸಿನಕಾಯಿಗೆ ಹೊರಟಿದ್ದಳು. ಟೀಚರ್ ನೆಲದ ಮೇಲೆ ಕೂತು ನನ್ನನ್ನು ಅವಳ ಮುಂದೆ ಇಟ್ಟರು. ಆವತ್ತು ಅಂಗೈಯಲ್ಲಿದ್ದ ಶಬ್ದ ಹುಡುಕು ಎಂದರು. ಹುಡುಗಿ ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಮೊಣಕಾಲೂರಿ ಹಾಳೆ ತಿರುವಿದಳು. ಮೆಣಸಿನಕಾಯಿಯ ಖಾರ ಹತ್ತಿದ ಬೆರಳು, ಒರಟು ಬೆರಳು, ಸಾಲಿನಿಂದ ಸಾಲಿಗೆ ಇಳಿಯಿತು. ನಿಂತಿತು. ಅವಳು ಅರ್ಥ ಓದಿದಳು, ಮತ್ತೊಮ್ಮೆ ಓದಿದಳು.

"ಆವತ್ತ ನನಗ ಇದು ಗೊತ್ತಿರಲಿಲ್ಲ ಫಕ್ಕೀರವ್ವ," ಎಂದರು ಟೀಚರ್. "ಗೊತ್ತಿಲ್ಲ ಅನ್ನಾಕ ನಾಚಿಕಿ ಆತು. ಅದಕ್ಕ ಇಂಪಾರ್ಟೆಂಟ್ ಅಲ್ಲ ಅಂದೆ. ತಪ್ಪು ನಿಂದಲ್ಲ, ನಂದು."

ನೀಲವ್ವ ಬೆಂದ ಗಂಟಲಿನಿಂದ ಕೇಳಿದಳು. "ಇಷ್ಟ ದಪ್ಪ ಪುಸ್ತಕದಾಗ ಅದೊಂದ ಶಬ್ದ ನಿಮಗ ಸಿಗಲಿಲ್ಲೇನ್ರಿ ಅಕ್ಕೋರ?"

"ಸಿಕ್ಕಿತ್ತವ್ವ. ಶನಿವಾರ ಮಧ್ಯಾಹ್ನನ ಸಿಕ್ಕಿತ್ತು. ಸೋಮವಾರ ಹೇಳಿದರಾತು ಅಂತ ಸುಮ್ಮನಾದೆ."

ಅಜ್ಜಿ ಮುಖ ಗೋಡೆಯ ಕಡೆ ಮಾಡಿದಳು. ಫಕ್ಕೀರವ್ವನ ಬೆರಳು ಇನ್ನೂ ಆ ಸಾಲಿನ ಮೇಲೇ ಇತ್ತು.

"ಗೊತ್ತಿಲ್ಲ ಅಂದಿದ್ರ ಸಾಕಿತ್ತ ಅಕ್ಕೋರ," ಎಂದಳು. "ತಿಳಿಯೂತನಕ ಕುಡಿಬ್ಯಾಡ ಅಂತ ಆಯಿಗೆ ಹೇಳತಿದ್ದೆ."

ಟೀಚರ್ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಎದ್ದು ಹೋಗುವಾಗ ನನ್ನನ್ನು ಅಲ್ಲೇ ಬಿಟ್ಟು ಹೋದರು.

ಕೆಲವು ದಿನ ನಾನು ಆ ಮನೆಯ ಕಾಳಿನ ಚೀಲದ ಮೇಲೆ ಸುಮ್ಮನೆ ಕೂತೆ. ನೀಲವ್ವ ನನ್ನನ್ನು ಆ ದಪ್ಪಂದು ಎಂದು ಕರೆದು, ಮೇಲೆ ಒಣಗಿದ ಹುಣಸೆಹಣ್ಣಿನ ಬುಟ್ಟಿ ಇಟ್ಟಳು. ಆಮೇಲೊಂದು ದಿನ ಫಕ್ಕೀರವ್ವ ಬುಟ್ಟಿ ಕೆಳಗಿಟ್ಟು, ಮನೆಯಲ್ಲಿ ಇಂಗ್ಲಿಷ್ ಅಕ್ಷರ ಇದ್ದದ್ದನ್ನೆಲ್ಲ ತಂದು ನನ್ನ ಮುಂದೆ ಸುರಿದಳು. ಕಡ್ಡಿಪೆಟ್ಟಿಗೆ, ಹಲ್ಲುಪುಡಿಯ ಡಬ್ಬಿ, ಬೀಜದ ಪಾಕೀಟು, ನೀಲವ್ವನ ಹೊಸ ಗುಳಿಗೆಗಳು. ಒಂದನ್ನೂ ಬಿಡಲಿಲ್ಲ. ಹಲ್ಲುಪುಡಿಯ ಡಬ್ಬಿಯ ಮೇಲೆ ಅಷ್ಟು ಸುಳ್ಳು ಬರೆದಿರುತ್ತಾರೆಂದು ನನಗೂ ಆವತ್ತೇ ತಿಳಿದದ್ದು. ಅದು ಮುಗಿದ ಮೇಲೆ ಓದಲು ಮನೆಯಲ್ಲಿ ಏನೂ ಉಳಿಯಲಿಲ್ಲ. ಅವಳು ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಶಾಲೆಗೆ ಬಂದಳು.

ಟೀಚರ್ ನನ್ನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟರು. ಬಸರಕೋಡ ಸರ್ ಬಂದು, ಹೀಗೆ ಹುಡುಕುತ್ತ ಕೂತರೆ ಮರ್ಯಾದೆ ಎಲ್ಲಿ ಉಳಿಯಿತು ಎಂದು ಕೇಳಿದರು. ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಏನಾಯಿತೆಂದು ನಿಮಗೆ ಗೊತ್ತಲ್ಲ ಸರ್ ಎಂದರು ಟೀಚರ್. ಸರ್ ಚಾರ್ಜಿನ ಮಾತು ತೆಗೆದರು. ಹರಿದರೆ ನನ್ನ ಹೆಸರಿಗೆ ಬರೆದುಕೊಳ್ಳಿ ಎಂದು ಟೀಚರ್ ಪಾಠ ಶುರು ಮಾಡಿದರು.

ಹರಿದದ್ದೂ ನಿಜ. ಅಲ್ಲಿಂದ ಇಲ್ಲಿಯತನಕ ಮಕ್ಕಳು ನನ್ನನ್ನು ಬಿಟ್ಟಿಲ್ಲ. ಬೆನ್ನಿನ ಹೊಲಿಗೆ ಬಿಚ್ಚಿದೆ, ರಟ್ಟಿಗೆ ಟೇಪು ಸುತ್ತಿದ್ದಾರೆ, ಕೊನೆಯ ಹಾಳೆಗಳು ಎಲ್ಲಿ ಹೋದವೋ ಗೊತ್ತಿಲ್ಲ. ಮೈತುಂಬ ಶಾಯಿ, ಉಪ್ಪಿನಕಾಯಿ, ಮೂಗಿನ ಒದ್ದೆ. ಕಪಾಟಿಗೆ ಹೊಸ ನಿಘಂಟು ಬಂದಿದೆ. 'ವೈ' ಮತ್ತು 'ಝಡ್' ಬೇಕಾದರೆ ಟೀಚರ್ ಅದನ್ನೂ ತೆಗೆದುಕೊಡುತ್ತಾರೆ. ಅದಕ್ಕೂ ನನ್ನ ಹಾಗೆ ಬೇಗ ಮುಪ್ಪು ಬರಲಿ ಎಂದು ಹಾರೈಸುತ್ತೇನೆ. ಕೀಲಿಯೊಳಗೆ ಹೊಸದಾಗಿ ಉಳಿಯುವುದಕ್ಕಿಂತ ಕೈಯಿಂದ ಕೈಗೆ ಹೋಗಿ ಹರಿಯುವುದೇ ನಮ್ಮಂಥವರಿಗೆ ಆಯುಷ್ಯ. ನೀಲವ್ವ ಇನ್ನೂ ಹತ್ತು ಮಳೆಗಾಲ ಕಂಡಳು. ಫಕ್ಕೀರವ್ವ ಹತ್ತನೆಯದು ಪಾಸಾಗಿ, ಮುಂದೆ ಓದಿ, ಹೊಸಪೇಟೆಯ ಕಡೆ ಹೋದಳು. ಕ್ಷಮಿಸಿದೆ ಎಂದು ಟೀಚರಿಗೆ ಅವಳು ಎಂದೂ ಹೇಳಲಿಲ್ಲ. ಟೀಚರೂ ಕೇಳಲಿಲ್ಲ.

ಅವರ ಕೂದಲು ಈಗ ಬೆಳ್ಳಗಾಗಿದೆ. ಪ್ರತಿ ವರ್ಷ ಎಂಟನೆಯ ತರಗತಿಯ ಮೊದಲ ದಿನ ಒಂದು ಮಗುವನ್ನು ಮೇಜಿನ ಹತ್ತಿರ ಕರೆದು, ಅದೇ ಶಬ್ದ ಹುಡುಕಿಸಿ, ಆಮೇಲೆ ಅಂದಿನ ಕತೆಯನ್ನು ಏನೂ ಮುಚ್ಚದೆ ಹೇಳುತ್ತಾರೆ. ಬೆರಳು ಆಡಿ ಆಡಿ ಆ ಸಾಲಿನ ಅಕ್ಷರವೆಲ್ಲ ಅಳಿಸಿ ಮಸಿ ಹರಡಿಹೋಗಿದೆ. ಈ ವರ್ಷ ಬಂದವಳು ಒಂದು ಸಣ್ಣ ಹುಡುಗಿ. ಹಾಳೆ ಸರಿಯಾಗಿ ತೆರೆದಳು, ಬೆರಳಿಟ್ಟಳು, ಅಲ್ಲಿ ಬರೀ ಕಪ್ಪು ಕಲೆ. ತರಗತಿಯೆಲ್ಲ ಅವಳನ್ನೇ ನೋಡುತ್ತಿತ್ತು. ಅವಳ ಕಿವಿ ಕೆಂಪಾಯಿತು. ಏನಾದರೂ ಒಂದು ಹೇಳಿಬಿಡುತ್ತಾಳೆಂದು ನಾನು ಹೆದರಿದೆ.

"ಗೊತ್ತಿಲ್ರಿ ಅಕ್ಕೋರ," ಎಂದಳು.

ಟೀಚರ್ ಅವಳ ತಲೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಅಕ್ಕೋರು ಯಾಕೆ ಅಳುತ್ತಿದ್ದಾರೆಂದು ಆ ಮಗುವಿಗೆ ತಿಳಿಯಲಿಲ್ಲ. ತಾನೇನೋ ತಪ್ಪು ಮಾಡಿದೆನೆಂದು ಬಗೆದು, ಬಗ್ಗಿ ಮತ್ತೊಮ್ಮೆ ನನ್ನಲ್ಲಿ ಹುಡುಕತೊಡಗಿತು.